ಷರಾ

ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಕುಲುಕಿ ತೊಳೆಯಬೇಕು,
ನಾಲ್ಕನೆಯ ಸಲದ್ದು ಮಾತ್ರ ಸಾಕ್ಷಿ.
ಹೀಗೆಂದು ಕಲಿಸಿದವರು ಪೆಡ್ನೇಕರ್ ಸಾಹೇಬರು.
ಅವರು ಬಾವಿಕಟ್ಟೆಯ ಹತ್ತಿರ ಬರುವುದಿಲ್ಲ;
ಜೀಪಿನಲ್ಲೇ ಕೂತು, ಗಾಜು ಏರಿಸಿಕೊಂಡು,
ನಿನ್ನ ಅಕ್ಷರ ಚೆಂದ ಮಾರಾಯ್ತಿ, ಎನ್ನುತ್ತಾರೆ.

ಕಾರವಾರದ ಬೆನ್ನಿಗೆ ಗುಡ್ಡ.
ಗುಡ್ಡದ ಬೆನ್ನಿಗೆ ಇನ್ನೊಂದು ಗುಡ್ಡ, ಅದು ನಾವು ಮಾಡಿದ್ದು:
ಇಪ್ಪತ್ತು ವರ್ಷದ ಬಾಂಗಡೆ ತಲೆ, ಸಿಗಡಿ ಸಿಪ್ಪೆ,
ಹರಿದ ಬಲೆ, ಲಾಡ್ಜಿನ ಹಾಸಿಗೆ, ಮಕ್ಕಳ ಡೈಪರು,
ಯಾವುದೋ ಚೌತಿಯ ಥರ್ಮಾಕೋಲು ಮಂಟಪ.
ಮೇಲೆ ಹದ್ದುಗಳು
ರುಜು ಹಾಕುತ್ತವೆ, ಅಳಿಸುತ್ತವೆ, ಮತ್ತೆ ಹಾಕುತ್ತವೆ.

ಅಡಿಗೆ ಕಪ್ಪು ಹಾಳೆ ಹಾಸಿದೆ ಎನ್ನುತ್ತದೆ ಕಡತ.
ಹಾಸಿದ್ದು ನಿಜ.
ಒಂದು ಮೂಲೆಯನ್ನು ಜೆಸಿಬಿಯ ಹಲ್ಲು ಕಚ್ಚಿದ್ದೂ ನಿಜ;
ಪುರ್ಸುವಿಗೆ ಗೊತ್ತು, ಓಡಿಸುತ್ತಿದ್ದವನು ಅವನೇ.
ಚಿರೆಕಲ್ಲಿನ ನೆಲದ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ,
ಜೂನಿನಲ್ಲಿ ಕುಡಿದದ್ದನ್ನು ಆಗಸ್ಟಿನೊಳಗೆ
ಯಾರದೋ ಬಾವಿಗೆ ಹೇಳಿಬಿಡುತ್ತದೆ.

ನಮೂನೆಯಲ್ಲಿ ಎರಡು ಕಲಂ:
ಮೇಲ್ಹರಿವಿನ ಬಾವಿ. ಕೆಳಹರಿವಿನ ಬಾವಿ.
ಒಂದರಿಂದ ಒಂದನ್ನು ಕಳೆದರೆ ಉಳಿಯುವುದು ನಮ್ಮ ಪಾಪ,
ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಬರೆಯಬೇಕು.
ಕೆಳಹರಿವು ಎಂದು ಸಾಹೇಬರು ತೋರಿಸಿದ್ದು
ಗೇಟಿನ ಪಕ್ಕದ ಹೊಸ ಕೊಳವೆಬಾವಿಯನ್ನು.
ಗೋಡೆಗೆ ತೂಗಿದ ನಕ್ಷೆಯಲ್ಲಿ ಅದು ಕೆಳಗೇ ಇದೆ;
ತೂಗಿದ ನಕ್ಷೆಯಲ್ಲಿ ದಕ್ಷಿಣವೆಲ್ಲ ಕೆಳಗೇ.
ನೀರು ನಕ್ಷೆ ಓದಿದ್ದಲ್ಲ.
ಅದು ಬಡಗಣಕ್ಕೆ, ಕಾಳಿಯ ಕಡೆಗೆ,
ಹೊನ್ನಿ ಗೌಡಳ ಅಂಗಳದ ಕೆಳಗೆ ಹಾದು ಹೋಗುತ್ತದೆ.

ಹೊನ್ನಿ ಹರಿವೆ ಸೂಡು ಕಟ್ಟುತ್ತಿದ್ದಳು, ನಾಳೆಯ ಪೇಟೆಗೆ.
“ಬಿಸ್ಲಲ್ಲಿ ಬಂದೀಯೆ ತಂಗೀ, ಆಸ್ರಿ ಕುಡ್ಕಂಡೇ ಹೋಗು.”
ನನ್ನ ಡಬ್ಬಿಯಲ್ಲಿ ಬೈತಖೋಲದ ಬರ್ಫ,
ಬರ್ಫದೊಳಗೆ ಕುತ್ತಿಗೆವರೆಗೆ ನಾಲ್ಕು ಬಾಟಲಿ,
ಡಬ್ಬಿಗೇ ಮೀನಿನ ವಾಸನೆ.
ಅವಳು ಕೊಡಪಾನ ಇಳಿಸಿದಳು, ಹಗ್ಗ ಗಡಗಡೆಯ ಮೇಲೆ ಜಾರಿತು.
ಬಾವಿಗೆ ಏನೂ ಆಗಿಲ್ಲ ಎಂದಳು,
ಮಳೆಗಾಲದಲ್ಲಿ ಒಂಚೂರು ಚಾದ ಬಣ್ಣ, ಅಷ್ಟೇ,
ಚಾ ಮಾಡಿದರೆ ಗೊತ್ತೇ ಆಗುವುದಿಲ್ಲ.

ಕುಡಿದೆ. ಬೆಲ್ಲ ಹೆಚ್ಚಾಗಿತ್ತು.
ಬೇಡ ಎನ್ನಲು ಯಾವ ನಿಯಮ, ಯಾವ ಉಪನಿಯಮ?
ಲೋಟವನ್ನು ನಾನೇ ತೊಳೆದಿಟ್ಟೆ,
ಅದೇ ನೀರಲ್ಲಿ, ಕೈಯ ರೂಢಿಗೆ, ಮೂರು ಸಲ.
ಚೀಲದಲ್ಲಿ ಒಂದು ಖಾಲಿ ಬಾಟಲಿ ಉಳಿದಿತ್ತು.

ನಾಲ್ಕು ಬಾಟಲಿ ಅರಬೈಲು ಘಟ್ಟ ಹತ್ತಿದವು,
ಇಪ್ಪತ್ತೊಂದನೇ ದಿನ ಕಾಗದವಾಗಿ ಇಳಿದವು.
ಸೀಸ: ಪತ್ತೆಯ ಮಿತಿಗಿಂತ ಕಡಿಮೆ.
ಕ್ಲೋರೈಡು: ಮಿತಿಯೊಳಗೆ.
ವಾಸನೆ: ಆಕ್ಷೇಪಾರ್ಹವಲ್ಲ.
ಸಾಹೇಬರು ಪೇಡೆ ತರಿಸಿದರು,
ಮಂಡಳಿಗೆ ಹೋಗುವ ಪ್ರತಿಗೆ ಠಸ್ಸೆ ಬಿತ್ತು.
ಅದರಲ್ಲಿ ಸುಳ್ಳು ಒಂದೂ ಇಲ್ಲ.
ನನಗೆ ನಿದ್ದೆ ಬಾರದ್ದು ಅದಕ್ಕೇ:
ಕೇಳಿಯೇ ಇಲ್ಲದ ಬಾವಿ ಸುಳ್ಳಾದರೂ ಹೇಗೆ ಹೇಳೀತು?

ಕಟ್ಟಕಡೆಯ ಕಲಂ, ಷರಾ.
ಐದು ವರ್ಷದಿಂದ ಅಲ್ಲಿ ‘ಇಲ್ಲ’ ಎಂದು ಬರೆದವಳು ನಾನು,
ಇಕಾರ ದುಂಡಗೆ, ಒತ್ತು ತಲಕಟ್ಟಿಗೆ ತಾಗದಂತೆ.

ಐದನೆಯ ಬಾಟಲಿ ನಮ್ಮ ಮನೆಯ ಫ್ರಿಜ್ಜಿನಲ್ಲಿದೆ,
ನಿನ್ನೆಯ ಮೀನುಸಾರಿನ ಪಾತ್ರೆಯ ಹಿಂದೆ.
ದಿನ ದಾಟಿದ ಮಾದರಿ ಮಾದರಿಯೇ ಅಲ್ಲ, ಗೊತ್ತು.
ಅಮ್ಮ ಬಾಗಿಲು ತೆರೆದು ಹಿಡಿದುಕೊಂಡೇ ಕೇಳುತ್ತಾಳೆ:
ಚಾ ಯಾಕೆ ಬಾಟಲಿಗೆ ತುಂಬಿಸಿಟ್ಟೆ?
ಚೆಲ್ಲಲಾ?

ಚೆಲ್ಲು, ಎಂದೆ.
ಬೈತಖೋಲದಲ್ಲಿ ಬೆಳಗಿನ ಐದಕ್ಕೆ ಬರ್ಫ ಒಡೆಯುತ್ತಾರೆ.
ಒಂದೇ ಬಾಟಲಿಗೆ
ಎರಡು ಕಿಲೋ ಸಾಕು.