ಪುಷ್ಪಾವರಣ

ಸಾಗರ, ಬೆಳಗಿನ ಲ್ಯಾಬು. ಹದಿನೆಂಟು ಕಂಪ್ಯೂಟರು,
ಅದರಲ್ಲಿ ಹದಿನಾಲ್ಕು ಬದುಕಿವೆ.
ಬೋರ್ಡಿನ ಮೇಲೆ ಪುಷ್ಪಾವರಣ ಬಿಡಿಸಿ
ಇದೇ ಸೆಟ್ಟು ಅಂದೆ. ಹೈಸ್ಕೂಲಿನಲ್ಲಿ ಗಣ ಅಂತ ಓದಿದಿರಲ್ಲ, ಅದೇ.
ಕನ್ನಡ ಮೇಷ್ಟ್ರ ಗಣ ಅಲ್ಲ,
ಅಲ್ಲಿ ಗುರು ಲಘು ಅದಲುಬದಲಾದರೆ ಪದ್ಯವೇ ಕೆಡುತ್ತದೆ.
ಇದಕ್ಕೆ ಮೊದಲು ಯಾರು, ಕೊನೆಗೆ ಯಾರು, ಲೆಕ್ಕವಿಲ್ಲ.

ಉದಾಹರಣೆಗೆ ನಾವೇ ಆಗೋಣ ಅಂದಳು ಡೆಲ್ಫಿನಾ.
ಆಯಿತು. ತಾಳಗುಪ್ಪದ ರೈಲಿನವರು ಒಂದು ಸೆಟ್ಟು,
ರಿಪ್ಪನ್‌ಪೇಟೆ ಬಸ್ಸಿನವರು ಇನ್ನೊಂದು.
ನಡುವೆ ನೆಟ್ಟಗೆ ಒಂದು ಗೀಟು: ಎಲ್ಲರೂ ಒಳಗೆ.
ಗೀಟು ತೆಗೆದು ಆಂಡ್ ಚಿಹ್ನೆ: ಉಳಿದವನು ಚೌಡೇಶ ಒಬ್ಬನೇ,
ಅರ್ಧ ವಾರ ಅಜ್ಜಿ ಮನೆ, ಅರ್ಧ ವಾರ ಅಕ್ಕನ ಮನೆ.
ಲ್ಯಾಬು ನಕ್ಕಿತು. ಅವನು ಕಾಲರ್ ಸರಿಮಾಡಿಕೊಂಡ.

ಆಮೇಲೆ ಎಲ್ಲರ ಹೆಸರು ಹಾಕಿ ಎಣಿಸಿದೆವು.
ಬೆಂಚಿನ ಮೇಲೆ ಇಪ್ಪತ್ಮೂರು, ತೆರೆಯ ಮೇಲೆ ಇಪ್ಪತ್ತೆರಡು.
ಮತ್ತೆ ಎಣಿಸಿದೆವು. ಇಪ್ಪತ್ತೆರಡೇ.
ಹಿಂದಿನ ಸಾಲಿನಿಂದ ಎರಡು ಕೈ ಒಟ್ಟಿಗೆ ಎದ್ದವು,
ಆನಂದಪುರದ ಸಫೂರಾ, ಕೆಳದಿ ರಸ್ತೆಯ ಸಫೂರಾ.
"ಮ್ಯಾಮ್, ನಮ್ಮಿಬ್ಬರಲ್ಲಿ ಅದು ಇಟ್ಟುಕೊಂಡಿದ್ದು ಯಾರನ್ನ?"
ಎರಡು ಸಲ ಹಾಕಿದರೂ ಒಂದೇ ಸಲ ಇಟ್ಟುಕೊಳ್ಳುತ್ತೆ,
ಅದಕ್ಕೆ ಕಾಣುವುದು ಅಕ್ಷರ, ಮುಖವಲ್ಲ, ಅಂದೆ.
ಹೆಸರು ಬಿಟ್ಟು ರೋಲ್ ನಂಬರು ಹಾಕಿದೆವು. ಇಪ್ಪತ್ಮೂರು ಬಂತು.
ಇಬ್ಬರೂ ಒಂದೇ ಡಬ್ಬಿ ತೆರೆದರು,
ಲ್ಯಾಬಿನಲ್ಲಿ ತಿನ್ನಬಾರದು ಅಂತ ಗೊತ್ತಿದ್ದೂ.

ಕೊನೆಗೆ, ತೆಗೆಯುವುದು. ದಾರಿ ಎರಡು.
ಡಿಸ್ಕಾರ್ಡ್ ಅಂದರೆ ಇದ್ದರೆ ತೆಗೆಯುತ್ತದೆ,
ಇಲ್ಲದಿದ್ದರೆ ಸುಮ್ಮನಿರುತ್ತದೆ.
ರಿಮೂವ್ ಹಾಗಲ್ಲ.
ತೋರಿಸಲು ಕೈಗೆ ಬಂದ ನಂಬರು ಒತ್ತಿದೆ, ಹದಿನೇಳು.
ತೆರೆ ತುಂಬ ಕೆಂಪಕ್ಷರ:
ಇಲ್ಲದವನನ್ನು ಎಲ್ಲಿಂದ ತೆಗೆಯಲಿ ಎಂಬ ಜಗಳ.

ಈ ಸಲ ಯಾರೂ ನಗಲಿಲ್ಲ.
ಹದಿನೇಳು ಗೋಪ್ಯಾನಾಯ್ಕ. ದಸರಾ ರಜೆ ಮುಗಿದ ಮೇಲೆ ಬರಲಿಲ್ಲ.
ಆಫೀಸಿನವರು ಸ್ಕೇಲಿಟ್ಟು ನೀಟಾಗಿ ಗೀಟೆಳೆದರು.
ಹದಿನಾರಾದ ಮೇಲೆ ಹದಿನೆಂಟು ಕೂಗಲು
ನಾನೂ ಎರಡೇ ದಿನದಲ್ಲಿ ಕಲಿತೆ.
ನಾಲ್ಕು ತಿಂಗಳ ಮೇಲೆ
ಅವನಿಲ್ಲ ಅಂತ ಕಿರುಚಿದ್ದು
ಮೌಸು ಸರಿಯಿಲ್ಲದ ಈ ಹಳೇ ಡಬ್ಬ ಒಂದೇ.

"ಮ್ಯಾಮ್, ಪರೀಕ್ಷೆಗೆ ಯಾವುದು ಬರೀಬೇಕು?"
ಡಿಸ್ಕಾರ್ಡ್ ಬರೀರಿ, ಪ್ರೋಗ್ರಾಮು ನಿಲ್ಲುವುದಿಲ್ಲ.

ಮಧ್ಯಾಹ್ನ ರಿಜಿಸ್ಟರು ತಿರುವಿ ಅವನ ಫೋನ್ ನಂಬರು ಹುಡುಕಿದೆ.
ಗೀಟು ಅದರ ಮೇಲೂ ಹಾದಿತ್ತು.
ಮೂರನೇ ಅಂಕಿ ಒಂದೋ, ಏಳೋ.
ಮೊದಲು ಏಳು ಒತ್ತಿದೆ.