ಇಪ್ಪತ್ತೆರಡು

ಕೂತುಕೊಳ್ಳಿ, ಅಂಚು ಇನ್ನೊಂದು ಗೇಣಿದೆ.
ಈ ಕೂಗಿಗೆ ಬೆಚ್ಚಿದಿರಾ? ಮುಗಿದಿಲ್ಲ, ತಾಳಿ.
ಇಲ್ಲ, ಇನ್ನೂ ಇಲ್ಲ.
ಹ್ಞಾಂ, ಈಗ.

ಡೆನಿಜ್ಲಿಯ ಹುಂಜ. ಬೇರೆ ಊರಿನವು ಕೂಗಿ ಸುಮ್ಮನಾಗುತ್ತವೆ,
ಇದು ಕೂಗನ್ನು ನೂಲಿನ ಹಾಗೆ ಎಳೆದು ಎಳೆದು
ಕಡೆಗೆ ಕುಡಿದವನಂತೆ ಎರಡು ಹೆಜ್ಜೆ ವಾಲಿ ನಿಲ್ಲುತ್ತದೆ.
ಕಣ್ಣು ನೋಡಿ: ಮದುವೆಗೆ ಹೊರಟವಳ ಕಾಡಿಗೆ,
ಹಚ್ಚಿದವರಿಲ್ಲ, ಹುಟ್ಟಿನಿಂದಲೇ.
ಕಾಲಿಗೆ ಸೀಸದ ಬಣ್ಣ, ಜುಟ್ಟು ದಾಳಿಂಬೆ ಹೂವು.
ಕುತ್ತಿಗೆ ನಿಗುರಿಸಿ ಕೊಕ್ಕು ಮುಗಿಲಿಗಿಟ್ಟರೆ ತೋಳನ ಕೂಗು,
ತಗ್ಗಿ ನೆಲಕ್ಕೆ ಹೇಳಿದರೆ ಹೊಂಚಿನ ಕೂಗು,
ಸಿಂಹದ್ದು ಬೇರೆ, ಶೂರನದ್ದು ಬೇರೆ.
ನನ್ನ ಗಂಡ ರಿಫ್ಕಿಗೆ ಎಲ್ಲಾ ಬಾಯಿಪಾಠ.
ನಾನು ಹುಟ್ಟಿದ ತಾರೀಕು ಮಾತ್ರ ಪ್ರತಿವರ್ಷ ಕೇಳುತ್ತಾನೆ.

ನಸುಕಿಗೆ ಹಿತ್ತಿಲಲ್ಲಿ, ಪೈಜಾಮದಲ್ಲಿ,
ಕೈಯಲ್ಲಿ ಸ್ಟಾಪ್‌ವಾಚು.
ಹುಂಜ ಬಾಯಿ ತೆರೆದರೆ ಇವನು ಮುಚ್ಚುತ್ತಾನೆ,
ಅದರ ಉಸಿರು ಮುಗಿಯುವ ತನಕ ತನ್ನದನ್ನೂ ಹಿಡಿದು.
ನೀಲಿ ವಹಿಯಲ್ಲಿ ನಾಲ್ಕು ತಲೆಮಾರು:
ಮುತ್ತಜ್ಜ ಇಪ್ಪತ್ತೈದು, ಅಜ್ಜ ಹತ್ತೊಂಬತ್ತೂವರೆ.
ಹೇಂಟೆಗಳ ಸಾಲಿನಲ್ಲಿ ‘ಬಿಳಿ’, ‘ಇನ್ನೊಂದು ಬಿಳಿ’.
ಅವಕ್ಕೂ ಅದೇ ಕಾಡಿಗೆ ಕಣ್ಣು.
ಹೆಸರು ನಾನಿಟ್ಟಿದ್ದೇನೆ. ಹೇಳುವುದಿಲ್ಲ.

ಮೂವತ್ತೊಂದು ವರ್ಷದಲ್ಲಿ ನನ್ನ ಯಾವ ಮಾತನ್ನೂ
ಐದು ಸೆಕೆಂಡು ದಾಟಲು ಬಿಟ್ಟವನಲ್ಲ.
ಸಿಟ್ಟಿಲ್ಲ. ಈ ಮಗ್ಗದ ಸದ್ದಿನಲ್ಲಿ
ನಾನೂ ಅವನನ್ನು ಕೇಳಿಸಿಕೊಂಡಿದ್ದು ಕಡಿಮೆ.

ಹೋದ ವರ್ಷ ದ್ರಾಕ್ಷಿ ಕೊಯ್ಲು ಮುಗಿಯುತ್ತಲೇ ಎದೆ ಕಟ್ಟಿತು.
ದೊಡ್ಡಾಸ್ಪತ್ರೆಯಲ್ಲಿ ಎಳೆ ಹುಡುಗಿ ಡಾಕ್ಟರು
ಬಾಯಿಗೊಂದು ನಳಿಗೆ ಕೊಟ್ಟು
‘ಊದಿ ಯಜಮಾನರೇ, ಇನ್ನೂ, ಇನ್ನೂ, ಇನ್ನೂ’ ಎಂದಳು.
ಕುತ್ತಿಗೆ ಚಾಚಿದ. ಕಣ್ಣು ಕೆಂಪಾಯಿತು.
ಗೋಡೆಯ ಗಡಿಯಾರ ನೋಡಿದೆ, ಈ ಮನೆಯ ಅಭ್ಯಾಸ:
ಮೂರು.
ಅವನೂ ಎಣಿಸಿದ್ದ. ಬೂಟಿನ ದಾರ ನೋಡುತ್ತ ಕೂತ.

ಹನ್ನೊಂದು ದಿನ ಅಲ್ಲೇ. ರಾತ್ರಿ ಫೋನಿನಲ್ಲಿ
ಊಟವಾಯಿತೇ ಇಲ್ಲ, ಬಾಗಿಲು ಹಾಕಿದೆಯಾ ಇಲ್ಲ,
‘ಮುಝೆಯ್ಯೆನ್, ಎಷ್ಟು?’ ಅಷ್ಟೇ.
ಹುಂಜಕ್ಕೆ ಗರಿ ಉದುರುವ ಕಾಲ.
ಬೋಳು ಕುತ್ತಿಗೆ ಹೊತ್ತು ಬೇಲಿಯ ಮೂಲೆ ಹಿಡಿದಿತ್ತು;
ಕೂಗಿದರೆ ಆರು, ಏಳು, ಒಮ್ಮೆ ಬರೀ ಕೆಮ್ಮು.

ನನ್ನ ಕೋಳಿ ಕೂಗಿದರೇ ಬೆಳಗು ಎಂದ ಮುದುಕಿ ನಾನಲ್ಲ.
ಕೂಗದಿದ್ದರೂ ಬೆಳಗಾಗುತ್ತದೆ, ನೋಡಿದ್ದೇನೆ.
ಆದರೂ ಅದು ಕೊಕ್ಕು ಎತ್ತಿದಾಗ ವಾಚು ಒತ್ತಿ
ಅದು ನಿಲ್ಲಿಸಿದರೂ ನಾನು ನಿಲ್ಲಿಸದೆ
ಒಳಗೆ ಬಂದು, ಲಾಳಿಯನ್ನು ಅತ್ತಿಂದಿತ್ತ
ಒಂದಷ್ಟು ಸಲ ಓಡಿಸಿ, ಆಮೇಲೆ ಒತ್ತುತ್ತಿದ್ದೆ.
‘ಇಪ್ಪತ್ತೆರಡು’ ಎಂದೆ ಫೋನಿಗೆ.
ಸುಳ್ಳಲ್ಲ, ವಾಚು ತೋರಿಸಿದ್ದು ಅಷ್ಟೇ.
ಆಚೆ ತುದಿಯಲ್ಲಿ ಬಹಳ ಹೊತ್ತು ಏನೂ ಇಲ್ಲ.
ಉಸಿರು ಹಿಡಿದಿದ್ದ, ನನಗೆ ಗೊತ್ತು.
ಬಿಟ್ಟ ಸದ್ದು ಕೇಳಿದ ಮೇಲೆ ಇಟ್ಟೆ.

ಈಗ ವಹಿಯಲ್ಲಿ ನನ್ನ ಕೈಬರಹದ ಹನ್ನೊಂದು ಇಪ್ಪತ್ತೆರಡು,
ಒಂದರ ಕೆಳಗೊಂದು, ಹಾಸಿನ ಎಳೆಯ ಹಾಗೆ.
ಯಾವ ಹುಂಜವೂ ಹಾಗೆ ಕೂಗುವುದಿಲ್ಲ,
ಅವನಿಗೆ ಗೊತ್ತಿಲ್ಲದ್ದೇ? ಕೇಳಿಲ್ಲ.
ಹೇಂಟೆಗಳ ಸಾಲಿನಲ್ಲಿ ಮಾತ್ರ, ಬಿಳಿಯ ಪಕ್ಕ,
ಪೆನ್ಸಿಲ್ಲಿನಲ್ಲಿ ಸಣ್ಣಗೆ: ‘ಹೆಸರು?’

ತಗೊಳ್ಳಿ, ನಿಮ್ಮ ಅಂಚು ಮುಗಿಯಿತು.
ಬಣ್ಣ ಬಿಡುವುದಿಲ್ಲ. ಮೊದಲ ಸಲ
ತಣ್ಣೀರಿನಲ್ಲಿ ಒಗೆಯಿರಿ.