ತೂಗುಗುಂಡು

ಹದಿನೇಳೇ ಬೇಕು ಅಂದಳು ಕಿಯೊಮಿ,
ಬೆರಳ ಸಂದಿಯಲ್ಲಿ ಮೀನಿನ ಉಪ್ಪು ಇನ್ನೂ ಬಿಳಿ.
ನಲವತ್ತು ವರ್ಷ ನುಮಾಜು ಬಂದರಿನ ಶೆಡ್ಡಿನಲ್ಲಿ
ಅಜಿ ಮೀನು ಸೀಳಿ ಬಿಸಿಲಿಗಿಟ್ಟವಳು,
ನಿವೃತ್ತಿಯ ದುಡ್ಡಲ್ಲಿ ಕೊಂಡದ್ದು
ಎರಡೇ ಸೀಟಿನ, ಬಟ್ಟೆ ಟೋಪಿಯ,
ಇಪ್ಪತ್ತೈದು ವರ್ಷ ಹಳೆಯ ನೀಲಿ ಕಾರು.

ನಾನು ಟೈರು ಕೂಡಿಸುವವನು. ನನ್ನ ಕಸುಬು
ಬೇಡ ಅನ್ನದೆಯೇ ಬೇಡ ಅನ್ನುವುದು.

ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದೆ:
ನೂರ ತೊಂಬತ್ತೈದು, ಐವತ್ತು, ಹದಿನೈದು.
ಮೊದಲನೆಯದು ಅಗಲ, ಮಿಲಿಮೀಟರು.
ಎರಡನೆಯದು ಆ ಅಗಲದಲ್ಲಿ ಎತ್ತರಕ್ಕೆಷ್ಟು ಪಾಲು ಅಂತ.
ಮೂರನೆಯದು ರಿಮ್ಮು, ಅದು ಇಂಚು.
ಮೂರು ಅಂಕಿಗೆ ಮೂರು ಭಾಷೆ, ನಿಂತದ್ದು ಒಂದೇ ಸಾಲು,
ಅತ್ತೆ ಸೊಸೆ ನಾದಿನಿ ಒಂದೇ ಒಲೆಗೆ ಬಂದ ಹಾಗೆ.

ರಿಮ್ಮು ಬೆಳೆದರೆ ರಬ್ಬರು ತಗ್ಗಬೇಕು,
ಒಟ್ಟು ಎತ್ತರ ಕದಲಬಾರದು. ಕದಲಿತೋ,
ಮೀಟರಿನ ಮುಳ್ಳು ಅರವತ್ತು ಅನ್ನುವಾಗ
ರಸ್ತೆ ಅರವತ್ತೆರಡು ಅನ್ನುತ್ತದೆ.
ಪೊಲೀಸರು ಕೇಳುವುದು ರಸ್ತೆಯ ಮಾತು.

ಹದಿನೇಳರ ರಿಮ್ಮು ಎತ್ತಿ ಅವಳ ತೊಡೆಯ ಮೇಲಿಟ್ಟೆ,
ಆಮೇಲೆ ಹದಿನಾರರದ್ದು. ಅಂತರ ಎರಡೂವರೆ ಕಿಲೋ.
ಸ್ಪ್ರಿಂಗಿನ ಮೇಲೆ ಕೂತ ಭಾರ ನೆಂಟ,
ಕೆಳಗೆ ತಿರುಗುವ ಭಾರ ಸಾಲಗಾರ,
ಹಳ್ಳ ಸಿಕ್ಕಲ್ಲೆಲ್ಲ ಬಡ್ಡಿ ಕೇಳುತ್ತಾನೆ.
ಅವಳು ಕಣ್ಣು ಮುಚ್ಚಿ ತೂಗಿದಳು,
ಬುಟ್ಟಿಯಲ್ಲಿ ಎಷ್ಟು ಮೀನೆಂದು ತೂಗುವ ಹಾಗೆ.
"ಹದಿನಾರು. ಆದರೆ ಹೊರಗೆ ಕಾಣಬೇಕು.
ಕಮಾನಿನೊಳಗೆ ಮುದುರಿ ಕೂತ ಚಕ್ರ ನನಗೆ ಬೇಡ.
ಮುದುರಿ ಕೂತದ್ದು ಸಾಕು."

ದಾರ ತೆಗೆದೆ. ತುದಿಗೆ ಕಟ್ಟಲು
ತೂತಿನ ಐದು ಯೆನ್ ನಾಣ್ಯ ಬೇಕಿತ್ತು,
ನನ್ನ ಹತ್ತಿರ ಇರಲಿಲ್ಲ, ಅವಳೇ ಪರ್ಸಿನಿಂದ ಕೊಟ್ಟಳು.
ಫೆಂಡರಿನ ಅಂಚಿಗೆ ಅಂಟಿಸಿ ಇಳಿಬಿಟ್ಟೆ.
ಓಲಾಡಿತು. ಓಲಾಡಿ ಸುಮ್ಮನಾಯಿತು.
ದಾರದಾಚೆ ಕೂದಲೆಳೆ ಚಾಚಿದರೂ
ತಪಾಸಣೆಯವರು ಗಾಡಿ ವಾಪಸು ಕಳಿಸುತ್ತಾರೆ:
ಹಾಸಿಗೆ ಇದ್ದಷ್ಟು ಕಾಲು, ಕಮಾನು ಇದ್ದಷ್ಟು ಚಕ್ರ.

ಈಗಿನ ಚಕ್ರಕ್ಕೂ ದಾರಕ್ಕೂ ನಡುವೆ ಹದಿನೆಂಟು.
ರಿಮ್ಮು ಒಂದಿಂಚು ಅಗಲಿಸಿದರೆ ಅರ್ಧ ಒಳಗೆ, ಅರ್ಧ ಹೊರಗೆ;
ಆಫ್‌ಸೆಟ್ಟು ನಲವತ್ತರಿಂದ ಮೂವತ್ತೆಂಟಾದರೆ
ಇನ್ನೆರಡು ಹೊರಗೆ. ಹತ್ತಿರ ಹತ್ತಿರ ಹದಿನೈದು.
ಉಳಿಯುವುದು ಮೂರು. "ಮೂರು ಸಾಲದು," ಅಂದೆ.
ಅವಳು ನಕ್ಕಳು. "ಮೂರು ಮಿಲಿಯಾ!
ಅಜಿಯ ಬೆನ್ನುಮೂಳೆಗೂ ಚರ್ಮಕ್ಕೂ ನಡುವೆ
ನನ್ನ ಚಾಕು ಹೊರಳಲು ಒಂದು ಸಾಕಿತ್ತು.
ಮೂರು ಅಂದರೆ ಮೈದಾನ."

ರಬ್ಬರನ್ನು ನಲವತ್ತೈದಕ್ಕೆ ಇಳಿಸಿ ಕೂಡಿಸಿದೆ.
ಒಟ್ಟು ಎತ್ತರ ಆರು ಮಿಲಿ ಹೆಚ್ಚು, ಅಷ್ಟೆ.

ಕಮಾನಿನೊಳಗೆ ಮಕ್ಕಳಾಟದ ಜೇಡಿ ಮೆತ್ತಿ
ಹೆದಾ ಊರಿನ ತಿರುವುಗಳಿಗೆ ಹೊರಟೆವು.
ಬಲಗಡೆ ಕೊಲ್ಲಿ ಕಂಡು, ಮರೆಯಾಗಿ, ಮತ್ತೆ ಕಂಡು.
ಅವಳು ಮಾತಾಡಲಿಲ್ಲ, ಮೂರನೇ ಗೇರಿನಲ್ಲಿ
ಗಂಟಲೊಳಗೇ ಏನೋ ಗುನುಗಿದಳು.
ನಾನು ಬಾಗಿಲ ಹಿಡಿ ಬಿಗಿಹಿಡಿದಿದ್ದೆ.
ಮೂವತ್ತೊಂದು ವರ್ಷ ಎಷ್ಟು ಚಕ್ರ ಕೂಡಿಸಿದೆನೋ,
ಅವುಗಳ ಮೇಲೆ ಯಾರೂ ನನ್ನನ್ನು
ಕೂರಿಸಿಕೊಂಡು ಹೋಗಿರಲಿಲ್ಲ.

ವಾಪಸು ಬಂದು ಟಾರ್ಚು ಹಿಡಿದೆವು.
ಎಡ ಮುಂದಿನ ಜೇಡಿಯಲ್ಲಿ ಒಂದೇ ಗೀರು, ಉಗುರಿನಷ್ಟು.
"ನಿಮ್ಮ ಭಾರಕ್ಕೆ," ಅಂದಳು.
"ನಾನೊಬ್ಬಳೇ ಇದ್ದರೆ ತಾಗುವುದಿಲ್ಲ."
ಹೌದು, ತಾಗುವುದಿಲ್ಲ.
ಆದರೂ ಒಳಗಿನ ಪ್ಲಾಸ್ಟಿಕ್ ಅಂಚನ್ನು
ಬಿಸಿ ಮಾಡಿ, ಹಿಂದಕ್ಕೆ ಒತ್ತಿ, ಅರದಲ್ಲಿ ಉಜ್ಜಿದೆ.
ಯಾಕೆ ಅಂತ ಅವಳು ಕೇಳಲಿಲ್ಲ.

ಹಳೆಯ ಹದಿನೈದು ನಾಲ್ಕನ್ನೂ ಒಯ್ದಳು;
ಮಾಳಿಗೆಯಲ್ಲಿ ಮನೆಗೆಂದು ಹರವುವ ಮೀನಿನ ಬಲೆಗೆ
ಮೂಲೆಗೊಂದು, ಗಾಳಿಗೆ ಹಾರದ ಹಾಗೆ.
ಬಿಲ್ಲಿನಲ್ಲಿ ಎಲ್ಲ ಬರೆದಿದ್ದೆ: ಕವಾಟ, ನಟ್ಟು, ಬ್ಯಾಲೆನ್ಸಿನ ಸೀಸ.
ಐದು ಯೆನ್ ಬರೆದಿರಲಿಲ್ಲ.
ದಾರದ ಸಮೇತ ಅದಿನ್ನೂ ಮೊಳೆಗೆ ನೇತಾಡುತ್ತಿದೆ,
ಬಾಗಿಲು ತೆರೆದಾಗೊಮ್ಮೆ ಓಲಾಡಿ.